ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಗಟ್ಟಿಯಾಗಿ ಓದುವುದಕ್ಕೆ ಸಂಬಳ ಕೊಡುವ ಕೆಲಸವೊಂದು ಲಂಡನ್ನಿನಲ್ಲಿ ಇತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. ನಾನು ಒಂಬತ್ತು ವರ್ಷ ಅದನ್ನೇ ಮಾಡಿದೆ. ಮದುವೆಗೆ ಮೊದಲು ಧಾರವಾಡದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವಳು ನಾನು. ಒಬ್ಬರು ಮೂಲಪ್ರತಿ ಹಿಡಿದು ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಕೇಳಬೇಕು. ಅಲ್ಪವಿರಾಮ ಬಂದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಅಲ್ಲಿ ಕಲಿತ ಆ ವಿದ್ಯೆಯೇ ಕ್ಯಾನರಿ ವಾರ್ಫಿನ ಒಂದು ಆಫೀಸಿನಲ್ಲಿ ನನಗೆ ಅನ್ನ ಹಾಕಿತು.

ಅಷ್ಟು ಹೊತ್ತಿಗೆ ನನಗೆ ಅನ್ನಕ್ಕಿಂತ ಮಾತು ಬೇಕಾಗಿತ್ತು. ನನ್ನ ಗಂಡ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದರು. ಅದರ ಹತ್ತಿರದ ಫೆಲ್ಥಮ್ಮಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟು ಹಿಡಿದಿದ್ದೆವು. ನಾನು ಬಂದ ಮೂರನೆಯ ವರ್ಷ ಅವರು ಎದೆನೋವು ಎಂದು ಹೋದವರು ತಿರುಗಿ ಬರಲಿಲ್ಲ. ಮಕ್ಕಳಿರಲಿಲ್ಲ. ಊರಿಗೆ ಬಾ ಎಂದು ಅಕ್ಕ ಕರೆದಳು, ಆದರೆ ವಿಧವೆ ತಂಗಿಯಾಗಿ ಅವಳ ಮನೆಯ ಮೂಲೆಯಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ. ಸೊಕ್ಕು ಅನ್ನಿ. ಆ ಸೊಕ್ಕಿನ ಬೆಲೆಯೆಂದರೆ, ಶುಕ್ರವಾರ ಸಂಜೆ ಆಫೀಸು ಬಿಟ್ಟರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಆಫೀಸಿನ ಕೆಲಸ ಇಷ್ಟು. ಯುರೋಪಿನ ಪೂರ್ವಭಾಗದ ದೇಶಗಳಲ್ಲಿ ಸರ್ಕಾರವೇ ಎಲ್ಲವನ್ನೂ ನಡೆಸುತ್ತಿದ್ದ ಕಾಲ ಮುಗಿದಿತ್ತು. ಕಾರ್ಖಾನೆಗಳು ಮಾರಾಟವಾಗುತ್ತಿದ್ದವು, ಬ್ಯಾಂಕುಗಳು ಮುಳುಗಿ ಹೊಸ ಹೆಸರಿನಲ್ಲಿ ಏಳುತ್ತಿದ್ದವು. ಪಶ್ಚಿಮದ ದೇಶಗಳ ಒಕ್ಕೂಟಕ್ಕೆ ಸೇರಬೇಕೆಂದರೆ ಅವು ತಮ್ಮ ಕಾನೂನನ್ನೆಲ್ಲ ಒಕ್ಕೂಟದ ಕಾನೂನಿಗೆ ಹೊಂದಿಸಿಕೊಳ್ಳಬೇಕಿತ್ತು. ಯಾವ ದೇಶ ಎಷ್ಟು ಹೊಂದಿಸಿತು, ಇನ್ನೆಷ್ಟು ಬಾಕಿ ಎಂದು ನಮ್ಮ ಆಫೀಸು ವರದಿ ಬರೆಯುತ್ತಿತ್ತು. ಅವನ್ನು ತಪ್ಪಿಲ್ಲದಂತೆ ಅಚ್ಚಿಗೆ ಕಳಿಸುವುದು ನಮ್ಮ ಪಾಲಿನ ಕೆಲಸ. ಟ್ರ್ಯಾಕ್ಟರಿನ ಬ್ರೇಕು, ಕೋಳಿಗೂಡಿನ ಅಗಲ, ಹಾಲಿನ ಉಷ್ಣತೆ, ಕೋರ್ಟಿನ ಶುಲ್ಕ! ಒಂದು ದೇಶ ಅಂದರೆ ಇಷ್ಟೆಲ್ಲ ಸಣ್ಣ ಸಣ್ಣ ಸಂಗತಿಗಳ ಗಂಟು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನ ಎದುರು ಕುರ್ಚಿಗೆ ಮೂರು ವರ್ಷಗಳ ನಂತರ ಬಂದವಳು ಬಲ್ಗೇರಿಯಾದವಳು. ನನಗಿಂತ ಐದಾರು ವರ್ಷ ಚಿಕ್ಕವಳು, ಎತ್ತರದ ಆಳು, ನಗುವುದು ಕಡಿಮೆ. ತನ್ನೂರಿನ ಸರ್ಕಾರಿ ಡೇರಿಯಲ್ಲಿ ಎಂಜಿನಿಯರ್ ಆಗಿದ್ದವಳು. ಡೇರಿ ಮುಚ್ಚಿತು, ಯಂತ್ರಗಳನ್ನು ಯಾರೋ ತೂಕಕ್ಕೆ ಮಾರಿದರು, ಇವಳು ಲಂಡನ್ನಿಗೆ ಬಂದಳು. ಎಜ್‌ವೇರಿನಲ್ಲಿ ಐದು ಜನ ಬಾಡಿಗೆದಾರರ ಮನೆಯ ಒಂದು ಕೋಣೆಯಲ್ಲಿದ್ದಳು. ಆರು ವರ್ಷ ನಾವು ಎದುರುಬದುರು ಕೂತು ಒಬ್ಬರಿಗೊಬ್ಬರು ಕಾನೂನು ಓದಿದೆವು. ನಾವು ಆಡುತ್ತಿದ್ದುದು ಇಂಗ್ಲಿಷೇ, ಅವಳದು ಅವಳ ಥರ, ನನ್ನದು ನನ್ನ ಥರ. ನೆನಪಿನಲ್ಲಿ ಮಾತ್ರ ಅವಳು ಧಾರವಾಡದ ಮಾತನ್ನೇ ಆಡುತ್ತಾಳೆ. ಹಾಗೇ ಬರೆಯುತ್ತೇನೆ, ಬೇರೆ ಥರ ಬರೆದರೆ ಅದು ಅವಳಾಗುವುದಿಲ್ಲ.

ಒಂದು ಬೇಸಿಗೆಯಲ್ಲಿ ಊರಿಂದ ಬಂದವಳು ಒಂದು ಗಾಜಿನ ಜಾಡಿ ತಂದು ನನ್ನ ಮುಂದಿಟ್ಟಳು.

"ನಮ್ಮವ್ವನ ಮೊಸರು. ನಮ್ಮ ಮನ್ಯಾಗ ಇಟ್ರ ಆ ಐದೂ ಮಂದಿ ತಿಂದು ಮುಗಿಸ್ತಾರ. ನೀವು ಮಂದಿ ಮನ್ಯಾಗ ಹೆಪ್ಪ ಹಾಕ್ತೀರಂತಲ್ಲ, ಇದನ್ನ ಉಳಿಸು."

ಅವಳ ತಾಯಿಯ ಕತೆ ಆಗಲೇ ಕೇಳಿದ್ದೆ. ಸರ್ಕಾರದ ಸಾಮೂಹಿಕ ಹೊಲ, ದನದ ಕೊಟ್ಟಿಗೆ ವಿಸರ್ಜಿಸಿದಾಗ ಮನೆಗೆ ಇಷ್ಟಿಷ್ಟೆಂದು ಹಸು ಹಂಚಿದರು. ಮುದುಕಿಗೆ ಎರಡು ಬಂದವು. ಹಿತ್ತಿಲ ಕೊಟ್ಟಿಗೆಯಲ್ಲಿ ಮಣ್ಣಿನ ಗಡಿಗೆಗಳಲ್ಲಿ ಮೊಸರು ಹಾಕಿ ಪೇಟೆಗೆ ಒಯ್ದು ಮಾರಿದಳು. ಮಗಳ ಸರ್ಕಾರಿ ಡೇರಿ ಮುಚ್ಚಿದ ವರ್ಷ ಆ ಮನೆ ನಡೆದದ್ದು ಆ ಗಡಿಗೆಗಳ ಮೇಲೆ. ಹೆಪ್ಪು ಮಾತ್ರ ಮುದುಕಿಯ ಅತ್ತೆಯ ಕಾಲದ್ದು, ಒಮ್ಮೆಯೂ ಕಡಿಯದೆ ಬಂದದ್ದು.

ನಾನು ಅಂದೇ ಹಾಲು ಕಾಸಿ ಒಂದು ಚಮಚ ಹಾಕಿದೆ. ಬೆಳಿಗ್ಗೆ ನೋಡಿದರೆ, ಅಬ್ಬಾ! ಗಡಿಗೆ ಬೋರಲು ಹಾಕಿದರೂ ಅಲುಗಾಡದ ಮೊಸರು. ಅಲ್ಲಿಂದ ಐದು ವರ್ಷ ಆ ಹೆಪ್ಪನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಒಂಟಿ ಹೆಂಗಸಿಗೆ ಅಡುಗೆ ಮಾಡದಿದ್ದರೂ ನಡೆಯುತ್ತದೆ, ಒಂದು ಬ್ರೆಡ್ಡು ಸಾಕು. ಆದರೆ ಹಾಲು ಕಾಯಿಸಲೇಬೇಕು, ಬೆರಳಿನಿಂದ ಬಿಸಿ ನೋಡಲೇಬೇಕು, ಹೆಪ್ಪು ಹಾಕಲೇಬೇಕು. ಆ ಮನೆಯಲ್ಲಿ ನನ್ನನ್ನು ನೆಚ್ಚಿಕೊಂಡಿದ್ದ ಜೀವ ಅದೊಂದೇ. ಮಧ್ಯಾಹ್ನ ಮೊಸರನ್ನ ಒಯ್ಯುತ್ತಿದ್ದೆ. ಅವಳಿಗೂ ಒಂದು ಡಬ್ಬಿ. ಒಗ್ಗರಣೆಯ ಸಾಸಿವೆಯನ್ನು ಅವಳು ಒಂದೊಂದಾಗಿ ಹೆಕ್ಕಿ ಪಕ್ಕಕ್ಕಿಡುತ್ತಿದ್ದಳು. "ಮೊಸರು ನಮ್ಮದು, ಕಸ ನಿಮ್ಮದು" ಎನ್ನುತ್ತಿದ್ದಳು. ಬೈದುಕೊಳ್ಳುತ್ತಲೇ ತಿನ್ನುತ್ತಿದ್ದೆವು.

ಒಂದು ದಿನ ಅವಳ ದೇಶದ ಹಾಲಿನ ಅಧ್ಯಾಯ ನಮ್ಮ ಮೇಜಿಗೆ ಬಂತು. ಓದುವ ಸರದಿ ಅವಳದು.

"ಗೋಡೆಗಳು ತೊಳೆಯಲು ಬರುವಂತಿರಬೇಕು ಅಲ್ಪವಿರಾಮ ನೆಲ ನಯವಾಗಿರಬೇಕು ಅಲ್ಪವಿರಾಮ ಕೆಲಸದವರಿಗೆ ಬಟ್ಟೆ ಬದಲಿಸುವ ಪ್ರತ್ಯೇಕ ಕೋಣೆ ಇರಬೇಕು ಅಲ್ಪವಿರಾಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಹೆಪ್ಪನ್ನೇ ಬಳಸಬೇಕು ಪೂರ್ಣವಿರಾಮ."

ದನಿ ಒಂದಿಷ್ಟೂ ಏರಲಿಲ್ಲ, ಇಳಿಯಲಿಲ್ಲ. ನಾನೇ ಹಾಳೆಯಿಂದ ಕಣ್ಣು ತೆಗೆದೆ. ಅವಳ ಅವ್ವನ ಕೊಟ್ಟಿಗೆಯ ಗೋಡೆ ಮಣ್ಣಿನದು ಎಂದು ಇಬ್ಬರಿಗೂ ಗೊತ್ತಿತ್ತು.

"ಮುಂದ ನೋಡು," ಎಂದಳು. "ಸಣ್ಣವರಿಗೆ ಸ್ವಲ್ಪ ರಿಯಾಯ್ತಿ ಅವಧಿ ಅಂತ ಕೊಟ್ಟಾರ. ಅಷ್ಟರಾಗ ಟೈಲ್ಸ್ ಹಾಕಿಸ್ತೀನಿ."

ಅಂದಿನಿಂದ ಅವಳು ಹೊಸ ಕೋಟು ಕೊಳ್ಳಲಿಲ್ಲ. ಲಂಡನ್ನಿನಲ್ಲಿ ದುಡಿದದ್ದೆಲ್ಲ ಆ ಕೊಟ್ಟಿಗೆಯ ಗೋಡೆಗೆ ಬಿಳಿ ಟೈಲ್ಸಾಗಿ ಅಂಟಿತು. ಕೋಣೆ ಮುಗಿದರೆ ತಾನೂ ಊರಿಗೆ ಹೋಗಿ ಅವ್ವನ ಜೊತೆ ನಿಲ್ಲುವುದು, ಓದಿದ ಡೇರಿ ವಿದ್ಯೆಯನ್ನು ಅಲ್ಲೇ ಬಳಸುವುದು ಎಂಬುದು ಅವಳ ಲೆಕ್ಕ. ಅವಳು ಹೋಗುವುದು ನನಗೆ ಬೇಡವಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ.

ಅವಳ ದೇಶ ಒಕ್ಕೂಟ ಸೇರುವುದಕ್ಕೆ ಕೆಲವೇ ದಿನ ಉಳಿದಿದ್ದ ಡಿಸೆಂಬರು. ಒಂದು ಶನಿವಾರ ಸಂಜೆ ಆರಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಇವಳು, ಕೈಯಲ್ಲಿ ಅದೇ ಗಾಜಿನ ಜಾಡಿ, ಖಾಲಿ. ಎಜ್‌ವೇರಿನಿಂದ ಇಡೀ ಲಂಡನ್ ದಾಟಿ ಬಂದಿದ್ದಳು.

ಅವಳ ಅವ್ವ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮೂರು ವಾರ ಆಸ್ಪತ್ರೆಯಲ್ಲಿದ್ದದ್ದು ನನಗೆ ಗೊತ್ತಿತ್ತು. ಹಸುಗಳನ್ನು ಪಕ್ಕದವರು ನೋಡಿಕೊಂಡರು, ಗಡಿಗೆಯನ್ನು ಯಾರೂ ನೋಡಲಿಲ್ಲ. ಅಂದು ಮಧ್ಯಾಹ್ನ ಮುದುಕಿ ಮನೆಗೆ ಬಂದು ಮುಚ್ಚಳ ತೆಗೆದರೆ ನೀಲಿ ಬೂಷ್ಟು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಆ ಹೆಪ್ಪು ಉಳಿದಿರಲಿಲ್ಲ. ಹಸು ಮಾರಿದವರೆಲ್ಲ ಅಂಗಡಿಯ ಪ್ಲಾಸ್ಟಿಕ್ ಕಪ್ಪಿನ ಮೊಸರಿಗೆ ಇಳಿದಿದ್ದರು. ಟೈಲ್ಸಿನ ಕೋಣೆ ಸಿದ್ಧವಿತ್ತು, ಹೆಪ್ಪಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡುವುದೊಂದೇ ಬಾಕಿ. ಸ್ವಂತ ಹೆಪ್ಪು ಇಲ್ಲದವರು ಕಾರ್ಖಾನೆಯ ಪುಡಿ ಬಳಸಬೇಕು.

"ಆ ಪುಡಿ ಹಾಕಿದ್ರ ಎಲ್ಲಾರ ಮೊಸರಿನಂಗ ನಮ್ಮ ಮೊಸರು. ಪ್ಯಾಟ್ಯಾಗ ಅವ್ವನ ಹತ್ರ ಯಾಕ ಬರ್ತಾರ ಮಂದಿ? ಈಗ ಜಗತ್ತಿನಾಗ ಅದು ಉಳಿದಿದ್ದು ನಿನ್ನ ಮನ್ಯಾಗ ಒಂದ. ಕೊಡು, ನಾಳೆ ಬೆಳಿಗ್ಗೆ ಎಂಟಕ್ಕ ನನ್ನ ವಿಮಾನ. ಸೂಟ್‌ಕೇಸಿನಾಗ ಅರಿವಿ ನಡುವ ಇಡ್ತೀನಿ."

ನನ್ನ ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಲಂಡನ್ನಿನ ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು, ನಾಲ್ಕಕ್ಕೇ ನಾನು ದೀಪ ಹಚ್ಚುತ್ತಿದ್ದೆ. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಹೊರಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಅದರ ಹಿಂದೆ ಹೊರಟುಹೋಗುತ್ತಾಳೆ. ನನ್ನ ಅಜ್ಜಿ ಕೊಟ್ಟಿರಲಿಲ್ಲ, ಅವ್ವ ಕೊಟ್ಟಿರಲಿಲ್ಲ.

"ಈಗ ಕೊಡಂಗಿಲ್ಲ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ವಿವರಿಸಿದೆ. ನಗಲಿಲ್ಲ ಅವಳು, ನಮ್ಮ ಉದ್ಯೋಗವೇ ನಿಯಮ ಓದುವುದಲ್ಲವೇ. ಕುರ್ಚಿಯ ಮೇಲೆ ಕೂತು ದೀಪದ ಕಡೆ ನೋಡಿದಳು.

"ನಿಮ್ಮ ಮನೀನೂ ಒಂದು ಒಕ್ಕೂಟಕ್ಕ ಸೇರೇದ ಅನ್ನು. ಸಣ್ಣವರಿಗೆ ರಿಯಾಯ್ತಿ ಅವಧಿ ಇಲ್ಲೇನ?"

ನಾನು ಗೊಳ್ಳೆಂದು ನಕ್ಕೆ. ನಕ್ಕೆ, ಆದರೆ ಕೊಡಲಿಲ್ಲ. "ಬೆಳಿಗ್ಗೆ ನಾನ ವಿಮಾನ ನಿಲ್ದಾಣಕ್ಕ ತರ್ತೀನಿ. ಇಲ್ಲಿಂದ ಬಸ್ಸಿನಾಗ ಹದಿನೈದು ನಿಮಿಷ. ಚೆಕ್-ಇನ್ ಮಾಡೂಕಿಂತ ಮೊದಲು ನಿನ್ನ ಕೈಯಾಗಿರ್ತದ" ಎಂದೆ. ಅವಳು ಜಾಡಿಯನ್ನು ಮೇಜಿನ ಮೇಲಿಟ್ಟು ಹೋದಳು. ಬಾಗಿಲಲ್ಲಿ ನಿಂತು "ಖರೇನ ತರ್ತೀ ಅಲ್ಲ?" ಎಂದು ಒಮ್ಮೆ ಕೇಳಿದಳು. ಅವಳು ಎರಡು ಸಲ ಕೇಳುವವಳಲ್ಲ.

ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಗಂಡನಿಲ್ಲ, ಮಕ್ಕಳಿಲ್ಲ, ತೇವಕ್ಕೆ ಗೋಡೆಯ ಬಣ್ಣ ಉದುರುವ ಬಾಡಿಗೆ ಫ್ಲ್ಯಾಟು. ಅಲ್ಲಿಂದ ಹೊರಟುಹೋಗಲು ಯಾವ ಲಕ್ಷ್ಮಿ ಉಳಿದಿದ್ದಳು, ಹೇಳಿ! ಆದರೆ ಆ ನಿಯಮ ಬಿಟ್ಟರೆ ನಾನು ಯಾರ ಮನೆಯವಳು ಎನ್ನುವುದಕ್ಕೆ ಏನು ಉಳಿಯುತ್ತಿತ್ತು? ಹಾಗೆ ಯೋಚಿಸಿದ್ದೆ ಎಂದಲ್ಲ, ಆ ಹೊತ್ತಿಗೆ ಯೋಚಿಸಲೇ ಇಲ್ಲ. ಕೈ ತಾನಾಗಿಯೇ ಹಿಂದೆ ಸರಿದಿತ್ತು.

ಅವಳು ಹೋದ ಮೇಲೆ ಪಶ್ಚಾತ್ತಾಪ ಶುರುವಾಯಿತು. ಕಡಿಮೆ ಕೊಡಬಾರದು, ಜಾಡಿ ತುಂಬಬೇಕು ಎಂದು ಇದ್ದ ಹಾಲನ್ನೆಲ್ಲ ಕಾಯಿಸಿ, ಇದ್ದ ಮೊಸರನ್ನೆಲ್ಲ ಅದಕ್ಕೇ ಹಾಕಿದೆ. ಬೆಳಗಿನ ಐದಕ್ಕೆ ಎದ್ದು ನೋಡಿದರೆ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಜಾಡಿಗೆ ಕಂಠದವರೆಗೆ ತುಂಬಿದೆ. ಎರಡು ಚಮಚ ಉಳಿಯಿತು. ಒಳ್ಳೆ ಕೆಲಸಕ್ಕೆ ಹೊರಡುವಾಗ ಮೊಸರು-ಸಕ್ಕರೆ ಬಾಯಿಗೆ ಹಾಕಿಕೊಂಡರೆ ಶುಭ ಎಂದು ಅದನ್ನು ನಾನೇ ತಿಂದೆ. ಗಡಿಗೆಗೆ ಕುದಿಯುವ ನೀರು ಹೊಯ್ದು ತಿಕ್ಕಿ ಬೋರಲು ಹಾಕಿದೆ. ಎಂಜಲು ಪಾತ್ರೆ ಬಿಟ್ಟು ಮನೆಯಿಂದ ಹೊರಡುವವಳಲ್ಲ ನಾನು!

ಭಾನುವಾರದ ಬಸ್ಸು. ನಿಲ್ದಾಣದಲ್ಲಿ ನಾನೊಬ್ಬಳೇ, ಎದೆಗೆ ಜಾಡಿ ಅವಚಿಕೊಂಡು. ಒಂದು ಬಸ್ಸು ಬರಲೇ ಇಲ್ಲ. ಎರಡನೆಯದು ಬಂದು ನಾನು ಓಡಿಹೋಗಿ ಮುಟ್ಟುವಷ್ಟರಲ್ಲಿ ಅವಳ ಸೂಟ್‌ಕೇಸು ಬೆಲ್ಟಿನ ಮೇಲೆ ಹೋಗಿಯಾಗಿತ್ತು. ಇನ್ನೂ ಕಾದರೆ ವಿಮಾನ ತಪ್ಪುತ್ತಿತ್ತು, ಅವಳೇನು ಮಾಡಿಯಾಳು. ಕೈಚೀಲದಲ್ಲಿ ದ್ರವ ಒಯ್ಯಬಾರದು ಎಂಬ ನಿಯಮ ಆ ವರ್ಷವಷ್ಟೇ ಬಂದಿತ್ತು, ಇಬ್ಬರಿಗೂ ಗೊತ್ತಿತ್ತು.

"ಇದು ದ್ರವ ಅಲ್ಲ," ಎಂದೆ. "ಬೋರಲ ಹಾಕಿ ತೋರಿಸು. ಒಂದು ಹನಿ ಬೀಳಂಗಿಲ್ಲ."

ಅವಳು ಜಾಡಿ ತೆಗೆದುಕೊಂಡಳು, ನನ್ನ ಕೆನ್ನೆಗೆ ಕೆನ್ನೆ ತಾಗಿಸಿದಳು, ತಪಾಸಣೆಯ ಕಡೆ ಹೋದಳು. ಅಲ್ಲಿಂದ ಮುಂದಕ್ಕೆ ನನಗೆ ಪ್ರವೇಶವಿರಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಮೊಬೈಲಿಗೆ ಕರೆ ಬಂತು.

"ತಗೊಂಡ್ರು. ಬೋರಲ ಹಾಕಿ ತೋರಿಸಿದೆ. ತಪಾಸಣೆ ಹೆಣ್ಮಗಳು ಪಾಪ, ಭಾಳ ಚಂದ ಅದ ಅಂದ್ಲು. ಅಂದು ಕಸದ ಡಬ್ಬಿಯೊಳಗ ಒಗದ್ಲು. ಹೋಗ್ಲಿ ಬಿಡು. ಮನ್ಯಾಗ ಇನ್ನೂ ಅದಲ್ಲ?"

ಬೋರಲು ಹಾಕಿದ ಗಡಿಗೆ ಕಣ್ಣ ಮುಂದೆ ಬಂತು.

"ಅದ," ಎಂದೆ.

ಆ ಒಂದು ಮಾತು. ಇಲ್ಲ ಎಂದಿದ್ದರೆ ಅವಳು ಅತ್ತಿರುತ್ತಿದ್ದಳು, ಬೈದಿರುತ್ತಿದ್ದಳು, ಅಲ್ಲಿಗೇ ಮುಗಿಯುತ್ತಿತ್ತು. ವಿಮಾನ ಹತ್ತುವವಳ ಮನಸ್ಸು ಯಾಕೆ ಕೆಡಿಸಬೇಕು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಖರೆ ಅಂದರೆ ಅವಳು ನನ್ನ ಜೊತೆ ಮಾತು ಬಿಟ್ಟಾಳೆಂದು ಹೆದರಿದ್ದೆ. ಆ ಊರಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಜನವರಿಯಲ್ಲಿ ಅವಳು ಮರಳಿದಳು. ಅವಳ ದೇಶ ಒಕ್ಕೂಟ ಸೇರಿತ್ತು. ಮೇಲ್ವಿಚಾರಕರು ಆಫೀಸಿನಲ್ಲಿ ಕೇಕು ಕತ್ತರಿಸಿದರು. ದೇಶ ಸೇರಿದರೂ ಇಲ್ಲಿ ಕೆಲಸ ಮಾಡಲು ಅವಳಿಗೆ ಬೇರೆ ಕಾಗದ ಬೇಕೇ ಬೇಕಿತ್ತು. "ಮದುವಿ ಆತು, ಮನಿ ಒಳಗ ಇನ್ನೂ ಕರದಿಲ್ಲ" ಎಂದು ಅವಳು ಕೇಕು ತಿಂದಳು. ನಮಗೂ ಒಂದು ಸುದ್ದಿ ಕಾದಿತ್ತು. ಸೇರಬೇಕಾದ ದೇಶಗಳೆಲ್ಲ ಹೆಚ್ಚುಕಡಿಮೆ ಸೇರಿಯಾಗಿತ್ತು, ಓದಲು ಇನ್ನೇನಿದೆ? ಈಸ್ಟರಿಗೆ ನಮ್ಮ ವಿಭಾಗ ಮುಚ್ಚುವುದೆಂದು ಹೇಳಿದರು. ಅವಳು ಈಸ್ಟರಿಗೇ ಊರಿಗೆ ಹೊರಡುವುದೆಂದು ನಿರ್ಧರಿಸಿದಳು, ಹೆಪ್ಪಿನ ಜೊತೆ.

ಅಷ್ಟರಲ್ಲಿ ಹೆಪ್ಪು ಎಲ್ಲಿಂದ ತರುವುದು? ಧಾರವಾಡದ ಅಕ್ಕನಿಗೆ ಫೋನ್ ಮಾಡಿದೆ. ಕಾರಣ ಹೇಳಲಿಲ್ಲ, ಹೆಪ್ಪು ಕೆಟ್ಟಿತು ಎಂದೆ ಅಷ್ಟೆ.

"ಅಯ್ಯ ಹುಚ್ಚಿ, ಅಂಗಡಿಯಿಂದ ತಂದು ಹಾಕಬಾರದೇನ? ಬ್ಯಾಡಂದ್ರ ಬ್ಯಾಡಗಿ ಮೆಣಸಿನಕಾಯಿ ತೊಟ್ಟ ಅದಾವಿಲ್ಲೋ? ಬೆಚ್ಚನ ಹಾಲಿನಾಗ ನಾಕು ತೊಟ್ಟು ಹಾಕಿಡು. ಅವ್ವ ಹಂಗ ಮಾಡ್ತಿದ್ಲು, ಮರತೇನ?"

ಅಂಗಡಿ ಮೊಸರು ಹಾಕಲು ಮನಸ್ಸು ಬರಲಿಲ್ಲ. ಸುಳ್ಳೇ ಆದರೂ ಅದು ನನ್ನ ಮನೆಯಲ್ಲಿ ಹುಟ್ಟಲಿ ಎನಿಸಿತು. ಅಕ್ಕ ಕಳಿಸಿದ್ದ ಮೆಣಸಿನಕಾಯಿಯ ತೊಟ್ಟು ಮುರಿದು ಹಾಲಿಗೆ ಹಾಕಿ, ಗಡಿಗೆಗೆ ನನ್ನವರ ಹಳೆಯ ಕೆಲಸದ ಜಾಕೆಟ್ಟು ಸುತ್ತಿ ರೇಡಿಯೇಟರ್ ಪಕ್ಕ ಇಟ್ಟೆ. ಮೊದಲನೆಯದು ಲೋಳೆ ಲೋಳೆ, ಚೆಲ್ಲಿದೆ. ಎರಡನೆಯದು ನೀರು. ಮೂರನೆಯದು ಕೂಡಿತು. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಮಾರ್ಚಿನ ಹೊತ್ತಿಗೆ ಗಡಿಗೆ ಬೋರಲು ಹಾಕಿದರೂ ಬೀಳದಂತಾಯಿತು. ಮೊಸರನ್ನ ಮಾತ್ರ ಆಫೀಸಿಗೆ ಒಯ್ಯಲಿಲ್ಲ, ಅವಳ ನಾಲಿಗೆ ಎಂಥದೆಂದು ನನಗೆ ಗೊತ್ತಿತ್ತು.

"ಯಾಕ, ಮೊಸರು ತರೂದ ಬಿಟ್ಟೀಯಲ್ಲ?"

"ಹೊಟ್ಟ್ಯಾಗ ಉರಿ. ಡಾಕ್ಟರು ಬ್ಯಾಡ ಅಂದಾರ."

ಮೂರು ತಿಂಗಳು ದಿನವೂ ಎದುರು ಕೂತು ಅವಳಿಗೆ ಓದಿ ಹೇಳಿದೆ. ತಪ್ಪು ಹಿಡಿಯುವುದೇ ನಮ್ಮಿಬ್ಬರ ಕೆಲಸ. ಅವಳು ನನ್ನಲ್ಲಿ ತಪ್ಪು ಹುಡುಕಲಿಲ್ಲ. ಹೇಳಿಬಿಡಬೇಕು ಎಂದು ಬೆಳಿಗ್ಗೆ ಟ್ಯೂಬ್ ರೈಲಿನಲ್ಲಿ ಮಾತು ಜೋಡಿಸಿಕೊಂಡು ಬಂದು, ಸಂಜೆ ಅದೇ ಮಾತನ್ನು ಹೊತ್ತು ಮರಳುತ್ತಿದ್ದೆ. ಅಷ್ಟು ವರ್ಷ ಒಬ್ಬಳೇ ಇದ್ದೆ, ಆದರೆ ಆ ಮೂರು ತಿಂಗಳಷ್ಟು ಒಬ್ಬಂಟಿ ಎಂದೂ ಆಗಿರಲಿಲ್ಲ.

ಈಸ್ಟರಿನ ಮುಂಚಿನ ವಾರ, ಮಟಮಟ ಮಧ್ಯಾಹ್ನ ಅವಳು ಫೆಲ್ಥಮ್ಮಿಗೆ ಬಂದಳು. "ದೀಪ ಹಚ್ಚಿಲ್ಲಲ್ಲ?" ಎಂದು ಬಾಗಿಲಲ್ಲೇ ಕೇಳಿ ನಕ್ಕಳು. ಜಾಡಿಗೆ ತುಂಬಿ ಕೊಟ್ಟೆ. ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು, ನನ್ನನ್ನು ತಬ್ಬಿ ಅತ್ತಳು. "ಐದು ವರ್ಷ ಸಾಕಿ ಕೊಟ್ಟಿ. ನಮ್ಮವ್ವ ನಿನ್ನ ಮರೆಯಂಗಿಲ್ಲ" ಎಂದಳು. ನನಗೆ ಅಳುವೂ ಬರಲಿಲ್ಲ.

ಬೇಸಿಗೆಯಲ್ಲಿ ನಾನು ಹೊಸ ಕೆಲಸ ಸಿಗದೆ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಫೋನು ಬಂತು, ಅವಳದು. ದನಿಯಲ್ಲಿ ಅಂಥ ಖುಷಿಯನ್ನು ನಾನು ಎಂದೂ ಕೇಳಿರಲಿಲ್ಲ.

"ಪಾಸಾತು! ಪ್ರಯೋಗಾಲಯದವರು ಬಲವಾದ ಹೆಪ್ಪು ಅಂದಾರ. ಇನ್‌ಸ್ಪೆಕ್ಟರು ಗೋಡಿ ಮುಟ್ಟಿ ನೋಡಿ ಹೋದ. ಪ್ಯಾಟ್ಯಾಗ ಮುಂಜಾನೆ ಹತ್ತರೊಳಗ ಎಲ್ಲಾ ಖಾಲಿ. ಮಂದಿ ಹಳೇ ರುಚಿ ಬಂತು ಅಂತಾರ!"

ಹಳೆಯ ರುಚಿಯಂತೆ.

"ಇಲ್ಲೇ ನಿಂತಾಳ ಅವ್ವ. ನಿನಗ ಒಂದು ಮಾತು ಕೇಳು ಅಂತ ಮೊದಲ ದಿನದಿಂದ ಗಂಟುಬಿದ್ದಾಳ. ನನಗೇನೂ ತಿಳಿಯಂಗಿಲ್ಲ. ಯಾವ ಗಿಡದ ಕಡ್ಡಿ ಹಾಕಿದ್ದಿ ಅಂತ ಕೇಳ್ತಾಳ. ಏನು ಕಡ್ಡಿ ಅದು?"

ಮುದುಕಿಗೆ ಮೊದಲ ಚಮಚದಲ್ಲೇ ಗೊತ್ತಾಗಿತ್ತು. ಅವಳ ಕಡೆಯೂ ಹೆಪ್ಪಿಲ್ಲದಾಗ ಹೆಂಗಸರು ಹಾಲಿಗೆ ಯಾವುದೋ ಕಡ್ಡಿ ಹಾಕುತ್ತಿದ್ದರೇನೋ. ಗೊತ್ತಾಗಿಯೂ ಅದನ್ನೇ ಗಡಿಗೆಗೆ ಹಾಕಿದ್ದಳು, ಪ್ರಯೋಗಾಲಯಕ್ಕೆ ಕಳಿಸಿದ್ದಳು, ಪೇಟೆಯಲ್ಲಿ ಮಾರಿದ್ದಳು. ಅವಳಿಗೆ ಬೇಕಾಗಿದ್ದದ್ದು ಗಿಡದ ಹೆಸರು ಮಾತ್ರ. ಏನೂ ಅರ್ಥವಾಗಲಿಲ್ಲ ಎಂದು ನಕ್ಕು ತೇಲಿಸಬಹುದಿತ್ತು. ಆರು ತಿಂಗಳಿಂದ ನುಂಗಿಟ್ಟದ್ದನ್ನು ಇನ್ನು ತಡೆಯಲಾಗಲಿಲ್ಲ.

"ಮೆಣಸಿನಕಾಯಿ ತೊಟ್ಟು ಅಂತ ಹೇಳು," ಎಂದೆ. "ಡಿಸೆಂಬರಿನಾಗ ಮನ್ಯಾಗ ಏನೂ ಉಳಿದಿರಲಿಲ್ಲ. ಎಲ್ಲಾ ನಿನ್ನ ಜಾಡಿಗೆ ತುಂಬಿದ್ದೆ. ಅದ ಅಂತ ಸುಳ್ಳು ಹೇಳಿದೆ."

ಅವಳು ತನ್ನ ಭಾಷೆಯಲ್ಲಿ ನಾಲ್ಕು ಮಾತು ಹೇಳಿದ್ದು ಕೇಳಿಸಿತು, ನನಗಲ್ಲ. ಕೂಡಲೇ ಹಿಂದಿನಿಂದ ಒಬ್ಬ ಮುದುಕಿ ನಕ್ಕಳು. ಹೊಟ್ಟೆ ತುಂಬ ನಕ್ಕಳು, ಕೆಮ್ಮು ಬರುವವರೆಗೆ, ಮೆಣಸಿನಕಾಯಿ ಅಂತ, ಮೆಣಸಿನಕಾಯಿ ಎನ್ನುವ ಹಾಗೆ! ಭಾಷೆ ಬಾರದಿದ್ದರೂ ಆ ನಗು ನನಗೆ ತಿಳಿಯಿತು. ಐದು ವರ್ಷ ಅವಳ ಹೆಪ್ಪು ನೋಡಿಕೊಂಡವಳಲ್ಲವೇ ನಾನು.

ಮಗಳು ನಗಲಿಲ್ಲ.

"ಮೂರು ತಿಂಗಳು ಎದುರು ಕುಂತಿದ್ದಿ," ಎಂದಳು. ದನಿ ಏರಲಿಲ್ಲ, ಇಳಿಯಲಿಲ್ಲ. ಹಾಲಿನ ಅಧ್ಯಾಯ ಓದಿದ ದನಿ. "ದಿನಾ ಕೇಳ್ತಿದ್ದೆ ನಿನ್ನ."

ಫೋನು ಇಟ್ಟಳು. ಅವಳಿಂದ ಮತ್ತೆ ಕರೆ ಬರಲಿಲ್ಲ. ನಾನು ಮಾಡಿದ ಕರೆಗಳಿಗೆ ಆ ಕಡೆಯಿಂದ ಯಾವಾಗಲೂ ಮುದುಕಿಯೇ ಎತ್ತುತ್ತಿದ್ದಳು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು ಬಾರದು. ನನ್ನ ದನಿ ಗುರುತಿಸಿ ಒಮ್ಮೆ ನಗುತ್ತಿದ್ದಳು, ಆಮೇಲೆ ಮಗಳನ್ನು ಕೂಗುತ್ತಿದ್ದಳು. ಮಗಳು ಬರುತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಫೋನು ಹಿಡಿದು ನಿಂತಿದ್ದು, ನಾನೇ ಮೊದಲು ಇಡುತ್ತಿದ್ದೆ.